ತಂಗಿಯ ಫೋನಿನಲ್ಲಿ ತೆರೆದ ಕಾದಂಬರಿ

ಕಂಡವರ ಪುಸ್ತಕಗಳನ್ನೆಲ್ಲ ಟೈಪ್ ಮಾಡಿಕೊಟ್ಟೇ ತಲೆ ನರೆಸಿಕೊಂಡಿದ್ದ ಡಿಟಿಪಿಯವನು, ಪ್ರಕಾಶಕರ ಬಳಿಗೆ ಅಲೆದು ಚಪ್ಪಲಿ ಸವೆಸಿ, ಕೊನೆಗೆ ತನ್ನ ಕಾದಂಬರಿಯನ್ನು ತಾನೇ ಇ-ಪುಸ್ತಕ ಮಾಡಿ ಮಾರಾಟಕ್ಕಿಟ್ಟ. ಕೊಂಡವರೆಲ್ಲ ನೆಂಟರೇ. ಹೊಗಳಿದ್ದೇ ಹೊಗಳಿದ್ದು!

“ಅಣ್ಣಾ, ಕೊನೇಲಿ ಅತ್ತೇಬಿಟ್ಟೆ ಕಣೋ,” ಎಂದಳು ತಂಗಿ.

ಅವಳು ಟೀ ಮಾಡಲು ಒಳಗೆ ಹೋದಾಗ, ಆ ಕೊನೆಯನ್ನು ಮತ್ತೊಮ್ಮೆ ಓದುವ ಆಸೆಯಾಗಿ ಅವಳ ಫೋನಿನಲ್ಲೇ ಪುಸ್ತಕ ತೆರೆದ. ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ಪುಟಪುಟವೂ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಚ್ಚಿನ ಕೆಲಸದ ಹಳೇ ಫಾಂಟಿನಲ್ಲೇ ಅವನು ಟೈಪ್ ಮಾಡಿದ್ದ. ಆ ಫಾಂಟ್ ಇದ್ದ ಅವನಂಥವರ ಕಂಪ್ಯೂಟರಿನಲ್ಲಿ ಬಿಟ್ಟರೆ ಅದು ಬೇರೆಲ್ಲೂ ಕನ್ನಡವಾಗಿ ಕಾಣುತ್ತಿರಲಿಲ್ಲ. ಹೊಗಳಿದ ಮಹಾಶಯರಲ್ಲಿ ಒಬ್ಬರಾದರೂ ತೆರೆದಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಅವನು ಫೋನನ್ನು ಬೋರಲು ಹಾಕಿದ.

ತಂಗಿ ಟೀ ತಂದು ಕೈಗಿತ್ತಳು. “ಇನ್ನೊಂದು ಬರಿ ಅಣ್ಣಾ, ಓದೋಕೆ ನಾವಿದ್ದೀವಲ್ಲ.”