ಬುಡದಿಂದ ಬರೆದ ಅಣಬೆ

ಮೊನ್ನೆ ಅಂಕೋಲೆಯ ಪೇಟೆಯಲ್ಲಿ ಎಲೆಯ ಮೇಲೆ ರಾಶಿ ಹಾಕಿದ್ದ ಅಣಬೆ ಕೊಂಡೆ. ಮನೆಗೆ ಬಂದು ಚೀಲ ಬಿಚ್ಚಿದಾಗ ಹಸಿ ಹುತ್ತದ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಅದಕ್ಕೆ ಒಂದಿಷ್ಟು ಸೌದೆಯ ಹೊಗೆ ಸೇರಿದ್ದರೆ ನಮ್ಮ ಶಾಲೆಯ ಹಳೆಯ ಅಡುಗೆಕೋಣೆಯೇ... ಬಿಸಿಯೂಟದ ಅಕ್ಕ ನೆನಪಾದರು.

ಆಗ ಶಾಲೆಗಳಲ್ಲಿ ಬಿಸಿಯೂಟ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಹಣಕೋಣದ ನಾನು ಭಾವಿಕೇರಿ ಕಡೆಯ ಶಾಲೆಯೊಂದಕ್ಕೆ ಹೊಸ ಅಕ್ಕೋರಾಗಿ, ಅಂದರೆ ಶಿಕ್ಷಕಿಯಾಗಿ, ಬಂದಿದ್ದೆ. ಪಾಠ ಬರುತ್ತಿತ್ತು, ಹಾಡೂ ಬರುತ್ತಿತ್ತು. ಚಿತ್ರ ಮಾತ್ರ ಬಾರದು. ನಾನು ಬಿಡಿಸಿದ ಹಸುವನ್ನು ಮಕ್ಕಳು ನಾಯಿ ಎನ್ನುತ್ತಿದ್ದರು. ಸೀಮೆಸುಣ್ಣ ಸರಿಯಿಲ್ಲ, ಹಲಗೆ ನುಣುಪಿಲ್ಲ ಎಂದು ನಾನು ಗೊಣಗುತ್ತಿದ್ದೆ. ಕುಣಿಯಲಾರದವಳಿಗೆ ನೆಲ ಡೊಂಕು.

ಅಂಥವಳ ಪಾಲಿಗೆ ಒಂದು ಮಳೆಗಾಲ ಮಾದರಿ ಪಾಠ ಬಂತು. ಸುತ್ತಲಿನ ಶಾಲೆಗಳ ಮಾಸ್ತರರು, ಅಕ್ಕೋರು ಎಲ್ಲ ಕೂತಿರುವಾಗ ಒಂದನೇ ತರಗತಿಗೆ ಅಣಬೆಯ ಚಿತ್ರ ಕಲಿಸಬೇಕು! ಮಾನ ಹೋಗುವುದು ಖಂಡಿತ ಎಂದುಕೊಂಡೆ. ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಪುಸ್ತಕ ನೋಡಿಕೊಂಡು ಕೆಂಪು ಟೊಪ್ಪಿ, ಬಿಳಿ ಚುಕ್ಕೆಯ ಅಣಬೆ ಬಿಡಿಸುತ್ತ ಕೂತಿದ್ದೆ. ಪಾತ್ರೆ ತೊಳೆದು ಬಂದ ಅಕ್ಕ ಬಾಗಿಲಲ್ಲೇ ನಿಂತು ನಕ್ಕರು.

"ಅಕ್ಕೋರೇ, ಇದೆಂತದು? ನಮ್ಮೂರಲ್ಲಿ ಇಂತಾ ಅಳಂಬಿ ಯಾರ್ ಕಂಡಾರೆ?"

ಅವರು ಮಂಜಗುಣಿ ಕಡೆಯ ಮೀನುಗಾರರ ಮನೆಯವರು. ಮಳೆಗಾಲದಲ್ಲಿ ದೋಣಿಗಳು ದಡ ಹತ್ತಿದಾಗ ಮೀನಿನ ಬುಟ್ಟಿಯಲ್ಲೇ ಅಣಬೆ ತುಂಬಿಕೊಂಡು ಮಾರಿದವರು. ಶಾಲೆಯ ಮೆಟ್ಟಿಲು ಹತ್ತಿದ್ದು ಅಡುಗೆಗೆ ಸೇರಿದ ಮೇಲೆಯೇ. ನನ್ನನ್ನು ಅಡುಗೆಕೋಣೆಗೆ ಕರೆದೊಯ್ದು, ಆರಿದ ಕೊಳ್ಳಿಯಿಂದ ನೆಲದ ಮೇಲೆ ಒಂದು ಅಡ್ಡಗೆರೆ ಎಳೆದರು. ಅದು ಭೂಮಿ. ಆಮೇಲೆ ಟೊಪ್ಪಿಯಲ್ಲ, ಗೆರೆಯ ಕೆಳಗೆ, ಹುತ್ತದೊಳಕ್ಕೆ ಇಳಿಯುವ ಉದ್ದನೆಯ ಬೇರು. ಹುತ್ತದ ಅಣಬೆ ಕಿತ್ತವರಿಗೆ ಮಾತ್ರ ಗೊತ್ತಿರುವ ಬೇರು ಅದು.

"ಅದು ಹೆಂಗ್ ಹುಟ್ತದೋ ಹಂಗೇ ಬರೀರಿ. ಬುಡದಿಂದ ಬಂದ್ರೆ ಕೈ ತಪ್ಪೂದಿಲ್ಲ."

ಕೊಳ್ಳಿಯನ್ನು ನನ್ನ ಕೈಗೆ ಕೊಟ್ಟರು. ಬೇರಿನಿಂದ ದಂಟು ಬಂತು, ದಂಟಿನ ಮೇಲೆ ಚೂಪು ತುದಿಯ ಕೊಡೆ ಬಂತು. ಕೊಡೆಯ ಅಡಿಯ ಗೆರೆಗಳಿಗೆ ಬಂದಾಗ ನನ್ನ ಕೈ ನಿಂತಿತು.

"ಬಂಗಡೆ ಕಿವಿ ಎತ್ತಿ ನೋಡಿದ್ರಿಲ್ಲ? ಒಳಗೆ ಗೆರೆ ಗೆರೆ ಇರ್ತದಲ, ಹಂಗೇ!"

ಬಂಗಡೆ ಮೀನಿನ ಕಿವಿರು ತೆಗೆದು ತೊಳೆದು ಬೆಳೆದವಳು ನಾನು. ಗೆರೆ ತಾನಾಗಿ ಬಂತು. ಆ ಸಂಜೆ ಅಡುಗೆಕೋಣೆಯ ನೆಲದ ತುಂಬ ಅಣಬೆ ಬಿಡಿಸಿದೆ; ಮರುದಿನ ಒಲೆ ಹಚ್ಚುವ ಮೊದಲು ಅದನ್ನೆಲ್ಲ ಅವರೇ ಒರೆಸಬೇಕಾಯಿತು.

ಪಾಠ ಚೆನ್ನಾಗಿ ಆಯಿತು. ಮಕ್ಕಳೂ ಬುಡದಿಂದಲೇ ಬರೆದರು. ಹಿರಿಯ ಮಾಸ್ತರರೊಬ್ಬರು, "ಈ ಕ್ರಮ ಎಲ್ಲಿ ಕಲಿತ್ರಿ?" ಎಂದು ಕೇಳಿದರು. ಅಕ್ಕ ಅನ್ನದ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ನಾನೇ ಯೋಚಿಸಿದ್ದು ಸರ್," ಎಂದುಬಿಟ್ಟೆ.

ಅಡುಗೆಯವರಿಂದ ಕಲಿತೆ ಎನ್ನಲು ಆಗ ನಾಚಿಕೆಯಾಯಿತು. ಆ ನಾಚಿಕೆಗೆ ಇವತ್ತಿಗೂ ನಾಚುತ್ತೇನೆ. ಊಟಕ್ಕೆ ಕೂತಾಗ ಅಕ್ಕ ನನ್ನ ತಟ್ಟೆಗೆ ಒಂದು ಸೌಟು ಹೆಚ್ಚೇ ಬಡಿಸಿದರು. ಇವತ್ತು ತಪ್ಪೊಪ್ಪಿಕೊಳ್ಳೋಣ, ನಾಳೆ ಒಪ್ಪಿಕೊಳ್ಳೋಣ ಎನ್ನುತ್ತಿರುವಾಗಲೇ ನನಗೆ ಬೇರೆ ಊರಿಗೆ ವರ್ಗವಾಯಿತು. ಎಷ್ಟೋ ವರ್ಷಗಳ ಮೇಲೆ ಅದೇ ಶಾಲೆಗೆ ಮರಳಿ ಬರುವಷ್ಟರಲ್ಲಿ ಅವರು ತೀರಿಕೊಂಡಿದ್ದರು...

ಮೊನ್ನೆ ಕೊಂಡ ಅಣಬೆಯಲ್ಲಿ ಒಂದನ್ನು ಮರುದಿನ ತರಗತಿಗೆ ಒಯ್ದು, ಎಲ್ಲರ ನಡುವೆ ಇಟ್ಟು, ಬರೆಯಿರಿ ಎಂದೆ. ಮಕ್ಕಳೆಲ್ಲ ಕೊಡೆಯಿಂದ ಶುರುಮಾಡಿದರು. ಒಬ್ಬಳು ಮಾತ್ರ ಮೊದಲು ಅಡ್ಡಗೆರೆ ಎಳೆದಳು. ಅದರ ಕೆಳಗೆ ಬೇರು! ಯಾರು ಕಲಿಸಿದ್ದು ಎಂದು ಕೇಳಿದೆ.

"ನಮ್ಮ ಆಯಿ. ಆಯಿಗೆ ನೀವೇ ಕಲಿಸಿದ್ರಂತೆ."

ಅವಳ ತಾಯಿ ಅಂದಿನ ಆ ಒಂದನೇ ತರಗತಿಯಲ್ಲಿ ಕೂತಿದ್ದವಳು.

"ನಾನಲ್ಲ ಮಗಾ," ಎಂದೆ. "ಇಲ್ಲಿ ಅಡುಗೆ ಮಾಡ್ತಿದ್ದ ಅಕ್ಕ ಕಲಿಸಿದ್ದು. ನಂಗೂ ಅವರೇ ಕಲಿಸಿದ್ದು."

ಇಡೀ ತರಗತಿಗೆ ಕೇಳುವ ಹಾಗೆ ಹೇಳಿದೆ. ಕೇಳಬೇಕಾದವರು ಮಾತ್ರ ಬಾಗಿಲಲ್ಲಿ ಇರಲಿಲ್ಲ. ಉಳಿದ ಮಕ್ಕಳು ಅವಳ ಪಾಟಿಯನ್ನು ಬಗ್ಗಿ ನೋಡಿದರು. ತಮ್ಮ ತಮ್ಮ ಕೊಡೆ ಅಳಿಸಿ, ಅಡ್ಡಗೆರೆ ಎಳೆದು, ಬುಡದಿಂದ ಶುರುಮಾಡಿದರು.