ಅಕ್ಕನ ಪಾತಿಗೆ ನಾನು ಹುಯ್ದ ನೀರು

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಅರ್ಧಕ್ಕೆ ಸೀಳಿತ್ತು. ಆ ಸೀಳಿನಲ್ಲಿ ಸದಾ ಮಣ್ಣು. ಅದೇ ಉಗುರಿನಿಂದ ಎಲೆ ಚಿವುಟಿ, ತೋಟಕ್ಕೆ ಬಂದವರ ಮೂಗಿಗೆ ಹಿಡಿದು, "ಮೂಸ್ ನೋಡವ್ವ, ಯಾರ್ ಮನೆ ನೆಪ್ಪಾಯ್ತದೆ?" ಅನ್ನುತ್ತಿದ್ದರು. ಬಂದವರು ಅಜ್ಜಿಮನೆಯನ್ನೋ ಬಾಣಂತಿ ಕೋಣೆಯನ್ನೋ ನೆನೆಸಿಕೊಂಡು ಅಲ್ಲೇ ನಿಂತುಬಿಡುತ್ತಿದ್ದರು. ಪಕ್ಕದಲ್ಲಿ ನಾನು ಗಿಡದ ಹೆಸರು ಬರೆಸಿ ನೆಡಿಸಿದ ಬೋರ್ಡನ್ನು ಒಬ್ಬರೂ ಓದುತ್ತಿರಲಿಲ್ಲ.

ಮಾಗಡಿಯಿಂದ ಸಾವನದುರ್ಗಕ್ಕೆ ಹೋಗುವ ದಾರಿಯಲ್ಲಿ ಊರವರೇ ಸೇರಿ ಮಾಡಿದ ಸಸ್ಯತೋಟ ನಮ್ಮದು. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಗಿಡದ ವಿಷಯ ಬಂದರೆ ಎಲ್ಲರೂ ನನ್ನನ್ನೇ ಕೇಳಬೇಕು ಅಂದುಕೊಂಡಿದ್ದೆ. ಆದರೆ ತಿಪ್ಪಸಂದ್ರದಿಂದ ಭಾನುವಾರ ಭಾನುವಾರ ಬಸ್ಸಿನಲ್ಲಿ ಬರುತ್ತಿದ್ದ, ನಾಲ್ಕನೇ ಕ್ಲಾಸೂ ದಾಟದ, ಎಲ್ಲರೂ ಅಕ್ಕ ಎನ್ನುತ್ತಿದ್ದ ಈ ರೈತ ಹೆಂಗಸನ್ನು ಕೇಳತೊಡಗಿದರು. ನನಗೆ ಹೊಟ್ಟೆ ಉರಿದುಹೋಯಿತು.

ಮೊದಲ ಮಳೆಗಾಲಕ್ಕೇ ಅವರ ಗೌರಿಹೂವಿನ ಬಳ್ಳಿ ಬೇಲಿ ತುಂಬ ಕೆಂಪು ಹಳದಿಯಾಗಿ ಅರಳಿತು. ಫೋಟೋ ತೆಗೆಯಲು ಜನವೋ ಜನ. ಚಳಿಗಾಲದಲ್ಲಿ ನನ್ನ ಗುಲಾಬಿಗೆ ಹುಳ ಬಿದ್ದರೆ ಅವರ ತುಳಸಿ, ದೊಡ್ಡಪತ್ರೆ ದಿಮ್ಮನೆ ಬೆಳೆದು ನಿಂತಿದ್ದವು. ಹೊಗಳಿದರೆ, "ನಂದೇನೈತೆ ಟೀಚರಮ್ಮ? ಅದ್ರ ಪಾಡ್ಗೆ ಬುಟ್ರೆ ಅದೇ ಬತ್ತದೆ" ಅನ್ನುವರು. ಆ ವಿನಯ ಕಂಡರೆ ಇನ್ನಷ್ಟು ಮೈ ಉರಿಯುತ್ತಿತ್ತು.

ಒಬ್ಬರ ಪಾತಿಗೆ ಇನ್ನೊಬ್ಬರು ಕೈ ಹಾಕಬಾರದು ಎನ್ನುವುದು ತೋಟದ ಕಟ್ಟುಪಾಡು. ಬೇಸಿಗೆಗೆ ಬಳ್ಳಿ ಒಣಗಿ ಪಾತಿ ಬರಿದಾಯಿತು. ಅಕ್ಕ ಅದರತ್ತ ತಿರುಗಿಯೂ ನೋಡಲಿಲ್ಲ. ಸಾಯಿಸಿಬಿಟ್ಟರು, ನಾನು ಬದುಕಿಸಿ ತೋರಿಸುತ್ತೇನೆ ಎಂದುಕೊಂಡು ದಿನಾ ಬೆಳಿಗ್ಗೆ ಯಾರೂ ಬರುವ ಮೊದಲೇ ಹೋಗಿ ಎರಡು ಕೊಡ ನೀರು ಹುಯ್ದೆ. ಬೇಸಿಗೆಯಲ್ಲಿ ಇಂಥ ಗೆಡ್ಡೆಗಳು ಮಣ್ಣೊಳಗೆ ಮಲಗಿರುತ್ತವೆ, ಆಗ ನೀರು ಹುಯ್ದರೆ ಕೊಳೆಯುತ್ತವೆ ಎಂದು ಮಕ್ಕಳಿಗೆ ಹೇಳಿಕೊಟ್ಟವಳೇ ನಾನು. ಹೊಟ್ಟೆಕಿಚ್ಚಿನಲ್ಲಿ ಅದೂ ಮರೆತಿತ್ತು.

ಮಳೆ ಬಿತ್ತು, ಬಳ್ಳಿ ಏಳಲಿಲ್ಲ. ಅಕ್ಕ ಎಲ್ಲರೆದುರು ಮಣ್ಣು ಕೆದಕಿದರು. ಗೆಡ್ಡೆ ಕೊಳೆತು ನಾರುತ್ತಿತ್ತು. ಅವರ ಅವ್ವ ಹೊಲದ ಬದುವಿನಲ್ಲಿ ಬೆಳೆಸಿದ್ದ ಬಳ್ಳಿಯ ಗೆಡ್ಡೆ ಅದು, ಬೇರೆ ಗೆಡ್ಡೆ ಉಳಿದಿರಲಿಲ್ಲ. ಅದನ್ನು ಅಂಗೈಯಲ್ಲಿಟ್ಟುಕೊಂಡು ಸೀಳಿದ ಉಗುರಿನಿಂದ ಮಣ್ಣು ಬಿಡಿಸಿದರು. ಆಮೇಲೆ, "ನಂದೇ ತಪ್ಪು ಕಣ್ರಪ್ಪ. ಒಸಿ ನೀರು ಜಾಸ್ತಿ ಹುಯ್ಬುಟ್ಟೆ" ಎಂದರು.

ನಾನು ಕೊಡ ಎತ್ತಿಕೊಂಡು ನನ್ನ ಗುಲಾಬಿ ಪಾತಿಗೆ ಹೋದೆ. ಮುಂದೆ ಎರಡು ವರ್ಷ ಪಕ್ಕಪಕ್ಕದಲ್ಲೇ ಕೂತು ಕಳೆ ಕಿತ್ತೆವು. ಅವರು ತಂದ ರಾಗಿರೊಟ್ಟಿಯಲ್ಲಿ ನನಗೂ ಪಾಲಿರುತ್ತಿತ್ತು. ಹೇಳಬೇಕು ಅಂದುಕೊಳ್ಳುತ್ತಿದ್ದೆ, ಹೇಳುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ಮರುವಾರ ತೋಟದಲ್ಲಿ ಎಲ್ಲರೂ ಸೇರಿದಾಗ ಎದ್ದು ನಿಂತು, ಅಳುತ್ತಳುತ್ತ ಎಲ್ಲ ಹೇಳಿಬಿಟ್ಟೆ. ಒಬ್ಬರಿಗೂ ಆಶ್ಚರ್ಯವಾಗಲಿಲ್ಲ.

ರಾತ್ರಿ ತೋಟದಲ್ಲೇ ಮಲಗುವ ಕಾವಲಿನವನು ತಲೆ ತಗ್ಗಿಸಿಕೊಂಡೇ ಹೇಳಿದ: "ನೀವು ನೀರು ಹುಯ್ಯೋದ್ನ ನಾನು ನೋಡಿದ್ದೆ ಟೀಚರಮ್ಮ. ಗೆಡ್ಡೆ ಕೊಳ್ತಿದ್ದು ಕಂಡ ದಿನ, ನೀವು ಮನೆಗೆ ಹೋದ್ಮೇಲೆ ಎಲ್ರ ಮುಂದೇನೇ ಅಕ್ಕಂಗೆ ಯೋಳ್ದೆ. ಯಾರೂ ಕೇಳ್ಬ್ಯಾಡಿ, ಅವರಾಗೇ ಬಂದು ನಂಗೆ ಯೋಳ್ತಾರೆ ಅಂದ್ರು."

ನನ್ನ ಪಕ್ಕ ಕೂತು ಕಳೆ ಕೀಳುತ್ತಿದ್ದ ಆ ಎರಡು ವರ್ಷವೂ ಅಕ್ಕ ಕಾಯುತ್ತಿದ್ದರು. ನಾನು ಹೇಳಿದ್ದು ಅವರೊಬ್ಬರನ್ನು ಬಿಟ್ಟು ಮಿಕ್ಕೆಲ್ಲರಿಗೆ.