ಹಿಮ ಕಂಡು ಬಂದವರು

ನಮ್ಮವರ ಎಡಗಾಲಿನಲ್ಲಿ ಹೆಬ್ಬೆರಳೊಂದೇ ಉಳಿದಿತ್ತು. ಮಿಕ್ಕ ಬೆರಳುಗಳಿದ್ದ ಜಾಗದಲ್ಲಿ ಚರ್ಮ ಸುರುಟಿಕೊಂಡು, ಹುಣಸೆಬೀಜದ ಹಾಗೆ ಕಂದಾಗಿ ಮಿನುಗುತ್ತಿತ್ತು. ವಿಲಾಯತಿಯಲ್ಲಿ ದಾಕ್ತರಿ ಕಲಿತು ಅವರು ಯಲಬುರ್ಗಿಗೆ ಮರಳಿದ ದಿನ, ಹೊಸ್ತಿಲ ಹೊರಗೆ ಕಾಲಿಗೆ ನೀರು ಹಾಕುವಾಗ ನಾನು ಅದನ್ನು ಮೊದಲ ಸಲ ಕಂಡೆ. ತಂಬಿಗೆ ಹಿಡಿದ ಕೈ ಹಾಗೇ ನಿಂತಿತು.

"ಹಾಕು, ನೋಯೂದಿಲ್ಲ," ಎಂದರು. ಅಷ್ಟು ವರ್ಷಗಳ ಮೇಲೆ ಅವರು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಮದುವೆಯಾಗಿ ನಾನು ಇನ್ನೂ ತವರಿನಲ್ಲಿದ್ದಾಗಲೇ ಅವರು ಹಡಗು ಹತ್ತಿದ್ದರು.

ಥಂಡಿಗೆ ಬೆರಳು ಕೊಳೆತು ಹೋಗುತ್ತವೆಂದರೆ ನಮ್ಮೂರಲ್ಲಿ ಯಾರು ನಂಬಬೇಕು? ಬ್ಯಾಸಗಿಯಲ್ಲಿ ಬಂಡೆಯ ಮೇಲೆ ಹಪ್ಪಳ ಸುಡಬಹುದಾದ ಸೀಮೆ ನಮ್ಮದು. ರೈಲು ಹಾಯ್ದಿರಬೇಕೆಂದು ಕೆಲವರು ಆಡಿಕೊಂಡರು. ಅತ್ತೆ ಮಾತ್ರ ಆ ಕಾಲನ್ನು ಕಂಡಾಗಲೆಲ್ಲ ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಮದಲ್ಲಿ ಸಿಕ್ಕಿಕೊಂಡಿದ್ದೆ ಎಂದಷ್ಟೇ ನಮ್ಮವರು ಹೇಳಿದ್ದು. ಜೊತೆಗಿದ್ದ ಗಂಗಾವತಿಯ ಗೆಳೆಯ ಅಲ್ಲೇ ತೀರಿಕೊಂಡನೆಂಬುದು ನಮಗೆ ತಿಳಿದಿತ್ತು. ಅದಕ್ಕಿಂತ ಹೆಚ್ಚು ಕೇಳಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು.

ಮಾತು ಕಡಿಮೆ. ಉಂಡರೋ ಬಿಟ್ಟರೋ ಎನ್ನುವ ಹಾಗೆ ಉಣ್ಣುವುದು. ದವಾಖಾನೆಯಲ್ಲಿ ರೋಗಿ ಕೊನೆಯ ಉಸಿರೆಳೆಯುತ್ತಿದ್ದರೆ ಮಾತ್ರ ಯಾರು ಕರೆದರೂ ಏಳುತ್ತಿರಲಿಲ್ಲ. ಇನ್ನು ಔಷಧ ನಡೆಯುವುದಿಲ್ಲವೆಂದು ಗೊತ್ತಿದ್ದೂ ಕೈ ಹಿಡಿದುಕೊಂಡು ಕೂತಿರುತ್ತಿದ್ದರು. ನಾನು ಬೇವೂರಿನ ತವರಿಗೆ ಹೊರಟರೆ, "ಒಬ್ಬಾಕಿನ ಹೋಗಬ್ಯಾಡ," ಎಂದು ಯಾರನ್ನಾದರೂ ಜೊತೆ ಮಾಡಿಯೇ ಕಳಿಸುವರು. ಅವರು ಗಂಗಾವತಿಯ ದಾರಿಯನ್ನು ಮಾತ್ರ ತುಳಿಯುತ್ತಿರಲಿಲ್ಲ. ಆ ಕಡೆಯ ಸಿದ್ದಾಪುರದಿಂದ ಕರೆ ಬಂದರೂ ಕಾಂಪೌಂಡರನನ್ನು ಕಳಿಸಿಕೊಡುತ್ತಿದ್ದರು.

ಒಂದು ಮುಂಜಾನೆ ಚಕ್ಕಡಿಯೊಂದು ನಮ್ಮ ಮನೆಯ ಮುಂದೆ ನಿಂತಿತು. ಇಳಿದವರು ಬಿಳಿ ಸೀರೆಯ, ನೆಟ್ಟನೆ ನಿಲುವಿನ ಹಿರಿಯ ಹೆಂಗಸು. "ದಾಕ್ತರ್ ಅದಾನೇನವ್ವಾ? ನಾ ಗಂಗಾವತಿಯಾಕಿ. ನನ್ನ ಮಗ ಇವನ ಜೋಡಿ ಓದಾಕ ಹೋಗಿದ್ದ," ಎಂದರು. ಒಳಗಿನಿಂದ ಬಂದ ನಮ್ಮವರು ಬಾಗಿಲ ಚೌಕಟ್ಟು ಹಿಡಿದು ನಿಂತರು.

ಆಕೆ ಚಾಪೆಯ ಮೇಲೆ ಕೂತು, "ಹೇಳಪಾ. ಏನಾತು?" ಎಂದರು.

ಅವರು ನೆಲ ನೋಡುತ್ತ ಹೇಳಿದರು. ಶನಿವಾರ ಕಾಲೇಜಿಗೆ ರಜೆ. ಗೆಳೆಯನಿಗೆ ಹಿಮ ನೋಡುವ ಹಂಬಲ. ಇಬ್ಬರೂ ರೈಲು ಹತ್ತಿ ಗುಡ್ಡದ ಮೇಲಿನ ಒಂದು ಊರಿಗೆ ಹೋದರು. ಭಾನುವಾರ ಬೆಳಿಗ್ಗೆ ಊರ ಹಿಂದಿನ ಗುಡ್ಡ ಏರಿದರು. ಇಳಿಯುವಾಗ ಮೋಡ ಮುಸುಕಿ ಹಿಮ ಸುರಿಯತೊಡಗಿತು, ದಾರಿ ಕಾಣದಾಯಿತು. ಗೆಳೆಯ ಜಾರಿಬಿದ್ದು ಕಾಲು ಮುರಿದುಕೊಂಡ. ಇವರು ಅವನನ್ನು ಬಂಡೆಯ ಮರೆಗೆ ಕೂರಿಸಿ, ತಮ್ಮ ಕೋಟು ಹೊದಿಸಿ, ತಮ್ಮ ಕಾಲಿನ ಉಣ್ಣೆಯ ಚೀಲ ಬಿಚ್ಚಿ ಅವನ ಕೈಗಳಿಗೆ ಹಾಕಿ, ಜನರನ್ನು ಕರೆತರಲು ಇಳಿದರು. ಊರವರು ಕಂದೀಲು ಹಿಡಿದು ಹೊರಟರೂ ಗಾಳಿಗೆ ಮೇಲೇರಲು ಆಗಲಿಲ್ಲ. ಬೆಳಕಾದ ಮೇಲೆ ಹೋದರು.

"ನೀವು ಹೋಗೂತನಾ ಜೀವಂತ ಇದ್ದನೇನು?"

"ಇದ್ದಿಲ್ಲವ್ವಾ."

ಆಕೆ ಬಹಳ ಹೊತ್ತು ಸೆರಗಿನ ಅಂಚನ್ನು ಮಡಿಚುತ್ತ, ಬಿಚ್ಚುತ್ತ ಕೂತರು. ಆಮೇಲೆ ಹೇಳಿದರು: "ಬಿಟ್ಟು ಇಳಿದಿದ್ದಕ್ಕ ನಾ ಏನೂ ಅನ್ನೂದಿಲ್ಲ. ಕಾಲು ಮುರಿದಾಂವನ್ನ ಹೊತ್ಕೊಂಡು ಇಳಿಯಾಕ ಆಗೂದಿಲ್ಲ, ಅದು ನನಗೂ ತಿಳಿತೈತಿ. ಆದ್ರ ನೀ ಊರಿಗೆ ಬಂದು ಎರಡು ಸುಗ್ಗಿ ಆದವು. ಗಂಗಾವತಿ ಏನು ಸಮುದ್ರದ ಆಚಿ ಐತೇನು?"

"ನಿಮ್ಮ ಮುಂದ ನಿಲ್ಲಾಕ ಧೈರ್ಯ ಆಗಲಿಲ್ಲವ್ವಾ."

"ನನಗೂ ಆಗಿದ್ದಿಲ್ಲ. ಆದ್ರೂ ಬಂದೆ."

ನಮ್ಮವರು ಅತ್ತದ್ದನ್ನು ನಾನು ಅಂದು ಕಂಡೆ. ಆಕೆ ಸಮಾಧಾನ ಮಾಡಲಿಲ್ಲ. ಉಣ್ಣಲು ಎಬ್ಬಿಸಿದರೂ ಏಳದೆ, ನೀರಷ್ಟೇ ಕುಡಿದು ಚಕ್ಕಡಿ ಹತ್ತಿದರು. ಹತ್ತುವಾಗ, "ಅಮಾಸಿಗೆ ಬಾ," ಎಂದರು.

ಅಂದಿನಿಂದ ನಮ್ಮವರು ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ. ಕೊಪ್ಪಳದ ಮೇಲೆ ಹಾಯ್ದು ಗಂಗಾವತಿಗೆ ಹೋಗಿ ಉಂಡು ಬರುವರು. "ಏನಂದ್ರು?" ಎಂದು ನಾನು ಕೇಳಿದರೆ, "ಉಣ್ಣು ಅಂದ್ರು," ಎನ್ನುವರು. ಕ್ಷಮಿಸಿದೆನೆಂದು ಆಕೆ ಎಂದೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಮಗನ ಸುದ್ದಿ ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ದೊಡ್ಡ ಯುದ್ಧ ನಡೆದಿದ್ದ ವರ್ಷಗಳಲ್ಲಿ ನಮ್ಮ ಕಡೆ ಮುದ್ದತಿನ ಜ್ವರ, ಅಂದರೆ ಟೈಫಾಯ್ಡು, ಎದ್ದಿತು. ಔಷಧಗಳು ಸಿಗುತ್ತಿರಲಿಲ್ಲ. ಹಳ್ಳಿ ಹಳ್ಳಿ ತಿರುಗಿದ ನಮ್ಮವರಿಗೂ ಅದೇ ಜ್ವರ ಹತ್ತಿತು. ತಮ್ಮ ನಾಡಿ ತಾವೇ ನೋಡಿಕೊಂಡು ಸುಮ್ಮನೆ ಮಲಗಿದರು. ನಾನು ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಅರಿವೆ ಹಾಕುತ್ತಿದ್ದೆ.

ಒಂದು ಮಧ್ಯಾಹ್ನ ಜ್ವರ ತುಸು ಇಳಿದಾಗ ತಾವಾಗಿಯೇ ಮಾತೆತ್ತಿದರು. "ಭಾನುವಾರದ್ದಷ್ಟ ಹೇಳೀನಿ. ಶನಿವಾರದ್ದು ಯಾರಿಗೂ ಹೇಳಿಲ್ಲ."

"ಏನಾಗಿತ್ರಿ ಶನಿವಾರ?"

"ಏನೂ ಆಗಿದ್ದಿಲ್ಲ. ಭಾಳ ಛಲೋ ಇತ್ತು."

ಒಂದೇ ಬೀದಿಯ ಊರಂತೆ. ಕರಿಕಲ್ಲಿನ ಮನೆಗಳು, ಎಲ್ಲ ಮಾಳಿಗೆಯಿಂದಲೂ ಹೊಗೆ. ಗೆಳೆಯ ಒಂದು ಗೋಡೆಯ ಮೇಲಿನ ಹಿಮವನ್ನು ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡು, "ಸಪ್ಪಗೈತಲೋ," ಎಂದು ಮುಖ ಕಿವುಚಿದನಂತೆ. ರೊಟ್ಟಿ ಮಾರುವ ಮುದುಕಿಯ ಜೊತೆ ಗಂಗಾವತಿ ಸಂತೆಯ ಹಾಗೆ ಕನ್ನಡದಲ್ಲೇ ಚೌಕಾಶಿ ಮಾಡಿದನಂತೆ. ಆಕೆಗೆ ಒಂದಕ್ಷರ ತಿಳಿಯದೆ ನಕ್ಕು ನಕ್ಕು ಇನ್ನೊಂದು ರೊಟ್ಟಿ ಕೈಗಿಟ್ಟಳಂತೆ. ಸಂಜೆ ಇಳಿದುಕೊಂಡ ಮನೆಯಲ್ಲಿ ಬೆಂಕಿಯ ಮುಂದೆ ಕೂತು ಅವನು ಸುಗ್ಗಿಯ ಕಣದಲ್ಲಿ ಹಾಡುವ ಹಂತಿಯ ಹಾಡು ಹೇಳಿದಾಗ, ಮನೆಯವರೆಲ್ಲ ಮೆಟ್ಟಿಲ ಮೇಲೆ ಬಂದು ಕೂತರಂತೆ.

ಹೇಳುತ್ತ ಹೇಳುತ್ತ ನಮ್ಮವರು ನಕ್ಕರು. ಅವರೊಂದಿಗೆ ಬಾಳುವೆ ಮಾಡಿದ ಅಷ್ಟೂ ವರ್ಷಗಳಲ್ಲಿ ಆ ನಗೆಯನ್ನು ನಾನು ಕೇಳಿರಲಿಲ್ಲ. ಮರುದಿನ ಜ್ವರ ಏರಿತು. ಮತ್ತೆ ಇಳಿಯಲಿಲ್ಲ.

ಕರ್ಮಾಂತರಗಳು ಮುಗಿದು ಕೆಲವು ತಿಂಗಳಾದ ಮೇಲೆ, ನೆಂಟರು ಬೇಡವೆಂದರೂ ಕೇಳದೆ ಗಂಗಾವತಿಗೆ ಹೋದೆ. ಆಕೆ ಬಳೆಯಿಲ್ಲದ ನನ್ನ ಕೈ ನೋಡಿ ಪಕ್ಕದಲ್ಲಿ ಜಾಗ ಮಾಡಿದರು. ನಾನು ಶನಿವಾರದ ಸಂಗತಿಯನ್ನು ಹೇಳಿದೆ. ಎಲ್ಲಿಯೂ ತಡೆಯದೆ ಕೇಳಿದರು.

"ಹಿಮ ತಿಂದನಂತೇನು?"

"ಹೂಂ ಅವ್ವಾ. ಸಪ್ಪಗೈತಿ ಅಂದ್ರಂತ."

"ಸಣ್ಣಾಂವಿದ್ದಾಗಿಂದ ಉಪ್ಪು ಜಾಸ್ತಿನ ಬೇಕು ಅವಂಗ," ಎಂದರು. ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಕಣ್ಣು ಮುಚ್ಚಿಕೊಂಡೇ, "ಇನ್ನೊಮ್ಮೆ ಹೇಳವ್ವಾ," ಎಂದರು.

ನಾನು ಅವರಿಬ್ಬರೂ ರೈಲು ಇಳಿದಲ್ಲಿಂದ ಮತ್ತೆ ಹೇಳತೊಡಗಿದೆ.